ಮೂಲವನ್ನು ಪಕ್ಕದಲ್ಲಿಟ್ಟುಕೊಂಡು: ಸ್ಲೊವೀನ್ ಕಾವ್ಯವನ್ನು ಜಾಲದಲ್ಲಿ ಓದುವ ಬಗೆ

ವೇದಿಕೆಯ ಮೇಲಿರುವ ಹಿರಿಯರಿಗೂ ಕಮ್ಮಟದ ಗೆಳೆಯರಿಗೂ ನಮಸ್ಕಾರ.

ಸ್ಲೊವೀನ್ ಭಾಷೆಯನ್ನಾಡುವವರು 20 ಲಕ್ಷದ ಆಸುಪಾಸು. ಅಷ್ಟು ಜನರ ಕಾವ್ಯ ಇಂಗ್ಲಿಷಿನಲ್ಲಿ, ಅದೂ ಕಾಸು ಬಿಚ್ಚದೆ, ಇಷ್ಟೊಂದು ಓದಸಿಗುತ್ತದೆ ಎಂಬ ಬೆರಗು ನನ್ನನ್ನು ಇಲ್ಲಿಗೆ ಕರೆತಂದಿದೆ. ಆದರೆ ಸಿಕ್ಕಿದ್ದನ್ನು ಓದುವ ಬಗೆಯ ಕುರಿತು ನನ್ನದೊಂದು ಹಟವಿದೆ: ಅನುವಾದದ ಪುಟ ತೆರೆದಾಗಲೆಲ್ಲ ಮೂಲದ ಪುಟವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಭಾಷೆ ಬಾರದವರಿಗೆ ಮೂಲವೇಕೆ ಎಂದು ನೀವು ಕೇಳಬಹುದು. ಸ್ಲೊವೀನ್ ಇರುವುದು ರೋಮನ್ ಲಿಪಿಯಲ್ಲಿ. ಅರ್ಥ ದಕ್ಕದಿದ್ದರೂ ಪ್ರಾಸ, ಸಾಲಿನ ಉದ್ದ, ಚರಣದ ಆಕಾರ ಇವೆಲ್ಲ ನಮ್ಮ ಕಣ್ಣಿಗೆ ಕಾಣುತ್ತವೆ.

ಸ್ಲೊವೀನ್ ಕವಿ ಫ್ರಾನ್ಸೆ ಪ್ರೆಶೆರೆನ್ ತೀರಿಕೊಂಡ ಫೆಬ್ರವರಿ 8 ಸ್ಲೊವೇನಿಯಾದಲ್ಲಿ ಸರ್ಕಾರಿ ರಜೆ. ಕವಿಯ ಪುಣ್ಯತಿಥಿಗೆ ದೇಶವೇ ರಜೆ ಕೊಡುತ್ತದೆ ಎಂದರೆ ನಮ್ಮ ಸರ್ಕಾರಿ ನೌಕರರಿಗೂ ಕಾವ್ಯದಲ್ಲಿ ಆಸಕ್ತಿ ಮೂಡೀತು. ಆತ 1844ರಲ್ಲಿ ‘ಜ್ದ್ರಾವ್ಲೀತ್ಸಾ’ ಎಂಬ ಪದ್ಯ ಬರೆದ; ಗೆಳೆಯರ ನಡುವೆ ದ್ರಾಕ್ಷಾರಸದ ಬಟ್ಟಲೆತ್ತಿ ಹಾರೈಸುವ ಹಾಡು ಅದು. ಶತ್ರುಗಳ ಮೇಲೆ ಸಿಡಿಲೆರಗಲಿ ಎನ್ನುವ ಮೂರನೆಯ ಚರಣವನ್ನು, ಆಗ ಸ್ಲೊವೀನರನ್ನಾಳುತ್ತಿದ್ದ ಆಸ್ಟ್ರಿಯಾ ಸಾಮ್ರಾಜ್ಯದ ರಾಜಧಾನಿ ವಿಯೆನ್ನಾದ ಸೆನ್ಸಾರಿಗೆ ಅಂಜಿ, ಆತ ತಾನೇ ತೆಗೆದಿಟ್ಟಿದ್ದ. ಅಲ್ಲಿ ಸೆನ್ಸಾರ್ ಕುರ್ಚಿಯಲ್ಲಿದ್ದವನು ಪರಕೀಯನಲ್ಲ, ಸ್ಲೊವೀನನೇ ಆದ ಭಾಷಾವಿದ್ವಾಂಸ ಮಿಕ್ಲೊಶಿಚ್. ಅವನ ಕಣ್ಣು ಬಿದ್ದದ್ದು ಒಗ್ಗಟ್ಟನ್ನೂ ರಾಜಿಯನ್ನೂ ಹಾರೈಸುವ ಮುಂದಿನ ಚರಣದ ಮೇಲೆ! ಸ್ಲೊವೀನರು, ರಷ್ಯನ್ನರು ಮುಂತಾದ ಸ್ಲಾವ್ ಜನರೆಲ್ಲ ಒಂದಾಗಲಿ ಎಂಬ ಸನ್ನೆ ಅಲ್ಲಿ ಅವನಿಗೆ ಕಂಡಿತು. ಎರಡು ಚರಣ ಕಳೆದುಕೊಂಡ ಪದ್ಯ ಅಂಗಹೀನವಾಗುತ್ತದೆಂದು ಪ್ರೆಶೆರೆನ್ ಅದನ್ನು ತನ್ನ ಸಂಕಲನದಿಂದ ಇಡಿಯಾಗಿ ಕೈಬಿಟ್ಟ. ವಿಯೆನ್ನಾದಲ್ಲಿ ದಂಗೆಯೆದ್ದು ಸೆನ್ಸಾರ್ ಕಳಚಿಬಿದ್ದ ಮೇಲೆ, 1848ರ ಏಪ್ರಿಲ್‌ನಲ್ಲಿ, ಪದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದು ಅದರ ಏಳನೆಯ ಚರಣ ರಾಷ್ಟ್ರಗೀತೆ. ಗಡಿಯಾಚೆಯವನು ದೆವ್ವವಾಗದೆ ನೆರೆಯವನಾಗಲಿ ಎನ್ನುವ ರಾಷ್ಟ್ರಗೀತೆ ಎಷ್ಟು ದೇಶಗಳಿಗಿದೆ?

ಯಾಂಕೊ ಲಾವ್ರಿನ್ ಮಾಡಿದ ಇಂಗ್ಲಿಷ್ ಅನುವಾದ ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಅದರಿಂದ ಅರ್ಥವೇನೋ ತಿಳಿಯುತ್ತದೆ. ಈಗ ಸ್ಲೊವೀನ್ ಭಾಷೆಯ ವಿಕಿಸೋರ್ಸ್, ಅಂದರೆ ಹಳೆಯ ಪಠ್ಯಗಳ ಉಚಿತ ಜಾಲಗ್ರಂಥಾಲಯವಾದ ‘ವಿಕಿವಿರ್’ನಲ್ಲಿ ಮೂಲವನ್ನು ತೆರೆಯಿರಿ. ಗಿಡ್ಡ ಸಾಲುಗಳನ್ನೂ ಉದ್ದ ಸಾಲುಗಳನ್ನೂ ನಡುಗೆರೆಗೆ ಹೊಂದಿಸಿ ಬರೆದರೆ ಪ್ರತಿ ಚರಣವೂ ಕಾಲುಳ್ಳ ಬಟ್ಟಲಿನ ಆಕಾರ ತಳೆಯುತ್ತದೆ. ಸಾಲುಗಳನ್ನೆಲ್ಲ ಎಡ ಅಂಚಿಗೆ ಒತ್ತಿ ಜೋಡಿಸಿದ ಜಾಲಪುಟದಲ್ಲಿ ಆ ಬಟ್ಟಲು ಒಡೆದುಹೋಗಿರುತ್ತದೆ.

ಅದೇ ಕವಿಯ 1834ರ ‘ಸುನೀತಮಾಲೆ’ಯಲ್ಲಿ ಹದಿನೈದು ಸುನೀತಗಳಿವೆ (ಸುನೀತವೆಂದರೆ ಹದಿನಾಲ್ಕು ಸಾಲಿನ ಸಾನೆಟ್). ಒಂದರ ಕೊನೆಯ ಸಾಲು ಮುಂದಿನದರ ಮೊದಲ ಸಾಲಾಗುತ್ತದೆ; ಹದಿನಾಲ್ಕರ ಮೊದಲ ಸಾಲುಗಳು ಸೇರಿ ಹದಿನೈದನೆಯದಾಗುತ್ತದೆ. ಆ ಕೊನೆಯ ಸುನೀತದ ಸಾಲುಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿದರೆ ‘ಪ್ರಿಮಿತ್ಸ್ ಮನೆತನದ ಯೂಲಿಯಾಗೆ’ ಎಂಬ ಅರ್ಪಣೆ ಹೊರಡುತ್ತದೆ. ಆಕೆ ಒಲಿಯಲಿಲ್ಲ, ಅದು ಬೇರೆ ಮಾತು. ನಿಮ್ಮ ಕೈಗೆ ಸಿಕ್ಕ ಅನುವಾದದಲ್ಲಿ ಆ ಹೆಸರು ಉಳಿದಿದೆಯೇ ಎಂದು ನೀವೇ ಬೆರಳಿಟ್ಟು ನೋಡಿ. ಇದಕ್ಕೂ ಮೂಲ ಪಕ್ಕದಲ್ಲಿರಬೇಕು.

ಇಂಡಿಯಾದವರಾದ ನಮಗೆ ಹತ್ತಿರದವನು ಸ್ರೆಚ್ಕೊ ಕೊಸೊವೆಲ್. ಸ್ಲೊವೇನಿಯಾದ ಸುಣ್ಣಕಲ್ಲಿನ ನಾಡಾದ ಕಾರ್ಸ್ಟ್ ಸೀಮೆಯ ಈ ಹುಡುಗ 1926ರಲ್ಲಿ, ಇಪ್ಪತ್ತೆರಡರ ವಯಸ್ಸಿಗೇ, ತೀರಿಕೊಂಡ. ಟ್ಯಾಗೋರರನ್ನು ಹಚ್ಚಿಕೊಂಡು ಓದಿದ್ದ ಈತ ‘ಹಸಿರು ಇಂಡಿಯಾದಲ್ಲಿ’ ಎಂಬ ಪದ್ಯವನ್ನೇ ಬರೆದ. ಅವನ ‘ಕೋನ್ಸ್ 5’ ಪದ್ಯದಲ್ಲಿ ಗೊಬ್ಬರವೇ ಚಿನ್ನ, ಚಿನ್ನವೇ ಗೊಬ್ಬರ, ಎರಡೂ ಸೇರಿ ಸೊನ್ನೆ, ಸೊನ್ನೆಯೆಂದರೆ ಅನಂತ. ಸೊನ್ನೆ, ಅನಂತಗಳ ಸಾಲುಗಳು ಗಣಿತದ ಚಿಹ್ನೆಗಳಲ್ಲೇ ಬರುವುದರಿಂದ ಮೂಲದ ಒಂದು ಭಾಗವನ್ನು ಅನುವಾದಕರ ನೆರವಿಲ್ಲದೆ ಓದಬಹುದು. ಇಂಥ ಪ್ರಯೋಗಗಳ ಸಂಕಲನ ‘ಇಂಟೆಗ್ರಲಿ’ ಹೊರಬಂದದ್ದು 1967ರಲ್ಲಿ.

ನಮ್ಮ ಕಾಲದ ಕವಿಗಳಿಗಾದರೆ ಬರ್ಲಿನ್‌ನಿಂದ ನಡೆಯುವ ಜಾಲತಾಣ ‘ಲಿರಿಕ್‌ಲೈನ್’ ಇದೆ: ಕವಿಯ ದನಿ, ಮೂಲಪಾಠ, ಅನುವಾದಗಳು ಒಂದೇ ಕಡೆ. ನನ್ನ ಹಟಕ್ಕೆ ಅಲ್ಲಿ ಏರ್ಪಾಡೇ ಆಗಿಬಿಟ್ಟಿದೆ. ತೊಮಾಜ್ ಶಲಾಮುನ್, ಅಲೇಶ್ ಶ್ಟೇಗರ್ ಇಬ್ಬರನ್ನೂ ಅವರವರ ದನಿಯಲ್ಲಿ ಕೇಳಬಹುದು. ಶಲಾಮುನ್‌ನ ಇಂಗ್ಲಿಷ್ ಅನುವಾದಗಳು ಅಮೆರಿಕದ ‘ಪೊಯೆಟ್ರಿ ಫೌಂಡೇಶನ್’ ತಾಣದಲ್ಲೂ ಇವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ ಓಡಾಡಿದ, ಚಾರ್ಲ್ಸ್ ಸಿಮಿಕ್‌ರಂಥ ಕವಿಗಳೇ ಅನುವಾದಕರಾಗಿ ದೊರೆತ ಶಲಾಮುನ್ ಜಾಲದಲ್ಲಿ ದೊಡ್ಡದಾಗಿ ಕಾಣುತ್ತಾನೆ. ಅಂಥ ಗೆಳೆತನವಿಲ್ಲದವರು ಸಣ್ಣದಾಗಿ ಕಾಣುತ್ತಾರೆ. ಆ ಅಳತೆ ಕಾವ್ಯದ್ದಲ್ಲ, ಗೆಳೆತನದ್ದು.

ಸ್ಲೊವೀನ್ ಕವಿ ಎಡ್ವರ್ಡ್ ಕೊಟ್ಸ್‌ಬೆಕ್‌ನ ಬಗ್ಗೆ ಬರೆದುಕೊಂಡು ಬಂದ ಎರಡು ಹಾಳೆಗಳನ್ನು ಮಡಿಸಿಡಬೇಕಾಗಿದೆ, ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದರು. ಪ್ರಾಚೀನ ಮುದ್ರಣಗಳ ಚಿತ್ರಗಳಿರುವ ಸ್ಲೊವೇನಿಯಾದ ಡಿಜಿಟಲ್ ಗ್ರಂಥಾಲಯದ ವಿಷಯವೂ ಹಾಗೆಯೇ ಉಳಿಯಿತು. ಕಮ್ಮಟದವರು ಇಂದು ಸಂಜೆ ‘ಕೋನ್ಸ್ 5’ರಿಂದ ಆರಂಭಿಸಬಹುದು, ಅದು ಒಂದು ಪುಟವೂ ಇಲ್ಲ. ಪ್ರಶ್ನೆಗಳಿದ್ದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ.