ಕೋಲು ಬಿದ್ದ ಸದ್ದು

ಎಲ್ಲರಿಗೂ ನಮಸ್ಕಾರ. ಈಗ ಕೇಳಿಸಿದ ತುಣುಕು ಮುಗಿಯುತ್ತಿದ್ದ ಹಾಗೇ ಹಿಂದಿನ ಸಾಲಿನಿಂದ ಯಾರೋ "ಇಷ್ಟೇನಾ?" ಅಂದರು. ಮೊದಲ ಸಲ ಕೇಳಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ನಾಲ್ಕು ಜನರ ಬ್ಯಾಂಡ್, ಹೆಸರು ಯಾರೂ ಕೇಳಿಲ್ಲ. ಹಾಡು ಕಟ್ಟಿಕೊಂಡು ಬಂದಿಲ್ಲ, ರಿಹರ್ಸಲ್ ಇಲ್ಲ. ಒಂದು ಮಧ್ಯಾಹ್ನ ಕೂತು ತೋಚಿದ್ದನ್ನು ನುಡಿಸಿದರು, ರೆಕಾರ್ಡ್ ಮಾಡಿದರು, ಅದೇ ವಾರ ಬಿಡುಗಡೆ ಮಾಡಿಬಿಟ್ಟರು.

ನಾಲ್ಕನೇ ನಿಮಿಷದ ಹತ್ತಿರ ಟಕ್ ಅಂತ ಒಂದು ಸದ್ದು ಬಂತು, ಗಮನಿಸಿದಿರಾ? ಡ್ರಮ್ಮರ್ ಕೈಯಿಂದ ಕೋಲು ಜಾರಿ ನೆಲಕ್ಕೆ ಬಿತ್ತು. ತಾಳ ನಿಂತಿತು. ಗಿಟಾರ್‌ನವರಿಗೆ ಗೊತ್ತೇ ಆಗಿಲ್ಲ, ಇನ್ನೂ ಎರಡು ಸುತ್ತು ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುತ್ತಿದ್ದವರು ಮಾತ್ರ ತಟ್ಟನೆ ಸುಮ್ಮನಾಗುತ್ತಾರೆ. ಆಮೇಲೆ ಒಂದೇ ಸ್ವರವನ್ನು ಬಿಟ್ಟು ಬಿಟ್ಟು ಮೀಟುತ್ತಾರೆ, ಮೊಂಡಾಗಿ, ಥೇಟ್ ಆ ಕೋಲು ಬಿದ್ದ ಹಾಗೆ. ಡ್ರಮ್ಮರ್ ಕೋಲು ಎತ್ತಿಕೊಂಡು ಬಂದವರು ಹಳೆಯ ತಾಳಕ್ಕೆ ಹೋಗುವುದೇ ಇಲ್ಲ. ಬೇಸ್ ಹಾಕಿಕೊಟ್ಟ ಹೊಸ ಲೆಕ್ಕಕ್ಕೆ ಸೇರಿಕೊಳ್ಳುತ್ತಾರೆ.

ಆ ಸದ್ದನ್ನು ಯಾಕೆ ಅಳಿಸಲಿಲ್ಲ? ಅಳಿಸೋಕೆ ಆಗುತ್ತಿರಲಿಲ್ಲ, ಅಷ್ಟೇ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದರೆ ಗಿಟಾರ್ ಮುಂದಿಟ್ಟ ಮೈಕಿನೊಳಗೂ ಡ್ರಮ್ ನುಗ್ಗಿರುತ್ತದೆ. ಒಬ್ಬರ ತಪ್ಪು ಎಲ್ಲರ ಟ್ರ್ಯಾಕಿನಲ್ಲೂ, ಅಂದರೆ ಅವರವರ ಮೈಕಿನ ರೆಕಾರ್ಡಿಂಗಿನಲ್ಲೂ, ಸೇರಿಹೋಗಿರುತ್ತದೆ. ಒಂದರಲ್ಲಿ ತಿದ್ದಿದರೂ ಉಳಿದವುಗಳಲ್ಲಿ ಅದು ಹಾಗೇ ಇರುತ್ತದೆ.

ಅವಸರದ ರೆಕಾರ್ಡಿಂಗ್ ಅಂದರೆ ಕಾಟಾಚಾರದ್ದು ಅಂತ ಜನ ತಿಳಿದುಕೊಂಡಿದ್ದಾರೆ. ಕೆನಡಾದ ಕೌಬಾಯ್ ಜಂಕೀಸ್ ಬ್ಯಾಂಡನ್ನು ನೋಡಿ. 1987ರ ನವೆಂಬರ್ 27ರಂದು ಟೊರಾಂಟೊದ ಹೋಲಿ ಟ್ರಿನಿಟಿ ಚರ್ಚಿನೊಳಗೆ ಒಂದೇ ಮೈಕಿನ ಸುತ್ತ ಕೂತರು. ಆಗ ಅವರನ್ನು ಬಲ್ಲವರು ಕಡಿಮೆ. ಯಾರ ಸದ್ದು ಜಾಸ್ತಿಯೋ ಅವರು ಹಿಂದೆ ಸರಿಯಬೇಕು, ಕಡಿಮೆಯಾದವರು ಮುಂದೆ ಬರಬೇಕು. ಮಿಕ್ಸಿಂಗ್, ಅಂದರೆ ಎಲ್ಲರ ಸದ್ದನ್ನೂ ಹದಕ್ಕೆ ತರುವುದು, ಇಲ್ಲಿ ಕುರ್ಚಿ ಎಳೆಯುವ ಕೆಲಸ! ಅದಕ್ಕೇ ಗಂಟೆಗಟ್ಟಲೆ ಹಿಡಿಯಿತು. ಅಲ್ಲಿ ರೆಕಾರ್ಡ್ ಮಾಡಿದ ಅವರ ಆಲ್ಬಂನ ಬಹುಪಾಲು ಆ ಒಂದೇ ದಿನದ್ದು. ಆದರೆ ಅವರು ನುಡಿಸಿದ್ದು ಮೊದಲೇ ಗೊತ್ತಿದ್ದ ಹಾಡುಗಳನ್ನು.

ಏನೂ ಗೊತ್ತಿಲ್ಲದೆ ಶುರುಮಾಡುವವರ ಕಥೆ ಬೇರೆ. ಜರ್ಮನಿಯ ಕ್ಯಾನ್ ಬ್ಯಾಂಡ್ ಹಾಗೆ ಶುರುಮಾಡುತ್ತಿತ್ತು. 1970ರಲ್ಲಿ ಮ್ಯೂನಿಕ್‌ನ ರಸ್ತೆ ಬದಿ ಹಾಡುತ್ತಿದ್ದ ಡಾಮೊ ಸುಜುಕಿ ಅನ್ನುವ ಗಾಯಕ ಬ್ಯಾಂಡಿನವರ ಕಣ್ಣಿಗೆ ಬಿದ್ದರು. ಅದೇ ಸಂಜೆ ಅವರನ್ನು ವೇದಿಕೆ ಹತ್ತಿಸಿಬಿಟ್ಟರು. ರಿಹರ್ಸಲ್ ಎಲ್ಲಿ ಬಂತು? ಆದರೆ 1971ರ 'ಟಾಗೊ ಮಾಗೊ' ಕೇಳಿ. ಎರಡು ಎಲ್‌ಪಿ ತಟ್ಟೆಗಳ ಆಲ್ಬಂ ಅದು. ಅದರ ಹಿಂದೆ ಗಂಟೆಗಟ್ಟಲೆ ನುಡಿಸಿದ ಟೇಪುಗಳಿದ್ದವು. ಬೇಸ್ ನುಡಿಸುತ್ತಿದ್ದ ಹೋಲ್ಗರ್ ಚುಕಾಯ್ ಕೂತು ಆ ಟೇಪನ್ನು ಕತ್ತರಿಸಿ, ಬೇಕಾದ್ದನ್ನು ಮಾತ್ರ ಒಂದಕ್ಕೊಂದು ಅಂಟಿಸಿದರು. ನುಡಿಸುವಾಗ ಲಂಗುಲಗಾಮಿಲ್ಲ, ಆರಿಸುವಾಗ ಜಿಪುಣತನ.

ನಮ್ಮ ಈ ಅನಾಮಿಕ ಬ್ಯಾಂಡಿನ ಮೇಲೆ ನನಗಿರುವ ತಕರಾರೇ ಇದು. ನುಡಿಸಿದ್ದು ಅವಸರದಲ್ಲಿ, ಸರಿ. ಆರಿಸುವುದನ್ನೂ ಅವಸರದಲ್ಲಿ ಮಾಡಿದರು. ಮೂರನೆಯ ತುಣುಕಿನಲ್ಲಿ ಹನ್ನೊಂದು ನಿಮಿಷ ನಾಲ್ವರೂ ಒಬ್ಬರಿಗೊಬ್ಬರು ಕಾಯುತ್ತಾರೆ. ಯಾರೂ ಮಾತು ಶುರುಮಾಡದ ಮದುವೆ ಮಾತುಕತೆ ಥರ. ನನ್ನ ಕೈಲಿ ಕತ್ತರಿ ಕೊಟ್ಟಿದ್ದರೆ ಅದು ಇರುತ್ತಲೇ ಇರಲಿಲ್ಲ. ಒಂದು ವಾರ ಬಿಟ್ಟು ತಣ್ಣಗೆ ಕೇಳಿದ್ದರೆ ಅವರೇ ಎಸೆಯುತ್ತಿದ್ದರೇನೋ. ನುಡಿಸಿದ ದಿನ ಎಲ್ಲವೂ ಚೆನ್ನಾಗೇ ಕೇಳಿಸುತ್ತದೆ, ಅಲ್ವಾ? ಬೆರಳು ಇನ್ನೂ ಬಿಸಿಯಾಗಿರುತ್ತದೆ.

ಆ ಕ್ಷಣಕ್ಕೆ ತೋಚಿದ್ದನ್ನು ಹಾಡುವುದಕ್ಕೆ ನಮ್ಮ ಸಂಗೀತದಲ್ಲಿ ಮನೋಧರ್ಮ ಅಂತ ಒಂದು ಒಳ್ಳೆಯ ಪದ ಇದೆ. ಆದರೆ ಅಲ್ಲಿ ರಾಗ ಕಾಲಿಗೆ ಹಾದಿ ಹಾಕಿಕೊಟ್ಟಿರುತ್ತದೆ. ಇವರಿಗೆ ಆ ಹಾದಿಯೂ ಇರಲಿಲ್ಲ. ಇದ್ದದ್ದು ಪಕ್ಕದವರ ಸದ್ದು ಮಾತ್ರ. ಕೋಲು ಬಿದ್ದಾಗ ಗಿಟಾರ್‌ನವರು ಅದನ್ನು ಕೇಳಿಸಿಕೊಳ್ಳಲಿಲ್ಲ, ಬೇಸ್‌ನವರು ಕೇಳಿಸಿಕೊಂಡರು. ಇಡೀ ಆಲ್ಬಂನಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಆ ನಲವತ್ತು ಸೆಕೆಂಡನ್ನೇ.

ಅದನ್ನೇ ಇನ್ನೊಂದು ಸಲ ಹಾಕುತ್ತೇನೆ. ಈ ಸಲ ಗಿಟಾರನ್ನು ಬಿಟ್ಟುಬಿಡಿ, ಬೇಸ್ ಮಾತ್ರ ಹಿಡಿದುಕೊಂಡು ಹೋಗಿ. ದಯವಿಟ್ಟು ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ?