ಮೇರುವಿನ ದಕ್ಷಿಣಕ್ಕೆ

ಬೈಲಕುಪ್ಪೆಗೆ ಬಂದವರು ಸಾಮಾನ್ಯವಾಗಿ ಸ್ವರ್ಣಮಂದಿರದ ಬುದ್ಧಮೂರ್ತಿಗಳನ್ನು ಕಂಡು ಹಿಂದಿರುಗುತ್ತಾರೆ. ನಾನು ಇಂದು ಬೆಳಗಿನಿಂದಲೂ ಕ್ಯಾಮೆರಾ ಹಿಡಿದು ಇಲ್ಲಿ ಒಂದೇ ಒಂದು ಥಂಕಾದ, ಅಂದರೆ ಬಟ್ಟೆಯ ಮೇಲೆ ಬರೆದ ಬೌದ್ಧ ಚಿತ್ರದ, ಮುಂದೆ ಕುಳಿತಿದ್ದೇನೆ. ಹತ್ತಿಯ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸುಣ್ಣದ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಬಳಿದು, ನುಣುಪಾಗುವವರೆಗೆ ಉಜ್ಜಿ, ಅದರ ಮೇಲೆ ಟಿಬೆಟಿನ ಕಲಾವಿದರು ಇಡೀ ಲೋಕವನ್ನೇ ಬರೆಯುತ್ತಾರೆ.

ಚಿತ್ರದ ನಡುವೆ ನಿಂತಿರುವುದು ಮೇರು ಪರ್ವತ. ಬೌದ್ಧ ದಾರ್ಶನಿಕ ವಸುಬಂಧುವಿನ ‘ಅಭಿಧರ್ಮಕೋಶ’ವೆಂಬ ಗ್ರಂಥದ ಲೆಕ್ಕದಲ್ಲಿ ಅದು ನೀರಿನ ಮೇಲೆ 80,000 ಯೋಜನ, ನೀರಿನೊಳಗೆ ಇನ್ನೂ ಅಷ್ಟೇ. ಎಲ್ಲಕ್ಕಿಂತ ಕೆಳಗೆ ಗಾಳಿಯ ಮಂಡಲ, ಅದರ ಮೇಲೆ ನೀರು, ನೀರಿನ ಮೇಲೆ ಚಿನ್ನದ ನೆಲ. ಆ ಚಿನ್ನ ಹೇಗೆ ಮೂಡಿತೆಂದರೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಎನ್ನುತ್ತದೆ ಆ ಗ್ರಂಥ. ಸೃಷ್ಟಿಯನ್ನು ವಿವರಿಸಲು ಅಡುಗೆಮನೆಯ ಹಾಲನ್ನು ನೆನೆದ ಆ ಮನಸ್ಸು ನನಗೆ ಬಹಳ ಹತ್ತಿರದ್ದೆನಿಸುತ್ತದೆ.

ಮೇರುವಿನ ಸುತ್ತ ಏಳು ಚಿನ್ನದ ಪರ್ವತಸಾಲುಗಳಿವೆ. ಒಂದಕ್ಕಿಂತ ಮುಂದಿನದು ಎತ್ತರದಲ್ಲಿ ಅರ್ಧ. ಅವುಗಳಾಚೆಯ ಉಪ್ಪುಸಾಗರದಲ್ಲಿ ನಾಲ್ಕು ದ್ವೀಪಗಳಿವೆ: ಪೂರ್ವದ್ದು ಅರ್ಧಚಂದ್ರ, ಪಶ್ಚಿಮದ್ದು ವೃತ್ತ, ಉತ್ತರದ್ದು ಚೌಕ. ದಕ್ಷಿಣದ್ದು ಬಂಡಿಯ ಆಕಾರದ ಜಂಬೂದ್ವೀಪ, ಅಂದರೆ ನಾವು. ಪೂಜೆಯ ಸಂಕಲ್ಪದಲ್ಲಿ ‘ಜಂಬೂದ್ವೀಪೇ ಭರತವರ್ಷೇ’ ಎಂದು ಬಾಲ್ಯದಿಂದ ಕೇಳಿದ ಹೆಸರು ಇಲ್ಲಿ ನನ್ನ ಹೆಬ್ಬೆರಳಿನುಗುರಿನಷ್ಟು ಅಗಲದಲ್ಲಿದೆ.

ಮೇರುವಿನ ನಾಲ್ಕು ಮುಖಗಳಿಗೆ ನಾಲ್ಕು ಅಮೂಲ್ಯ ದ್ರವ್ಯಗಳು; ದಕ್ಷಿಣದ್ದು ನೀಲಿ ವೈಡೂರ್ಯ. ಅದರ ಹೊಳಪು ಪ್ರತಿಫಲಿಸುವುದರಿಂದಲೇ ನಮ್ಮ ಆಕಾಶ ನೀಲಿ. ಸಾಂಪ್ರದಾಯಿಕ ಕಲಾವಿದರು ಅಜುರೈಟ್ ಎಂಬ ಕಲ್ಲನ್ನು ಅರೆದು ನೀಲಿ ಬಣ್ಣ ಪಡೆಯುತ್ತಿದ್ದರು. ಕಲ್ಲಿನ ಬೆಳಕಿನಿಂದ ಬಂದ ಆಕಾಶವನ್ನು ಕಲ್ಲಿನ ಪುಡಿಯಿಂದಲೇ ಬರೆದಿರುವ ಈ ಭಾಗದ ಮೇಲೆ ನಾನು ಕ್ಯಾಮೆರಾವನ್ನು ಬಹಳ ಹೊತ್ತು ನಿಲ್ಲಿಸಿದ್ದೇನೆ.

ಇದೊಂದೇ ನಕ್ಷೆಯಲ್ಲ. ಕಾಲಚಕ್ರ ತಂತ್ರವೆಂಬ ಇನ್ನೊಂದು ಬೌದ್ಧ ಗ್ರಂಥವನ್ನು ಅನುಸರಿಸಿದ ಥಂಕಾಗಳಲ್ಲಿ ಮೇರು ದುಂಡಗಿದ್ದು, ಬುಡದಲ್ಲಿ ಕಿರಿದಾಗಿ, ತುದಿಯತ್ತ ಅಗಲವಾಗುತ್ತದೆ. ಆ ಅಳತೆಗಳಿಗೆ ಮನುಷ್ಯದೇಹದ ಅಳತೆಗಳೊಂದಿಗೆ ಸಂಬಂಧ ಕಲ್ಪಿಸಲಾಗಿದೆ. ಟಿಬೆಟಿನ ಪರಂಪರೆ ಎರಡನ್ನೂ ಉಳಿಸಿಕೊಂಡಿತು. ಸಾಧಕರು ಮಂಡಲ ಅರ್ಪಿಸುವಾಗ ತಟ್ಟೆಯ ಮೇಲೆ ಅಕ್ಕಿಯ ಗುಪ್ಪೆಗಳಿಂದ ಮೇರುವನ್ನೂ ದ್ವೀಪಗಳನ್ನೂ ಜೋಡಿಸಿ ಈ ಲೋಕವನ್ನೇ ಒಪ್ಪಿಸುತ್ತಾರೆ, ಬಳಿಕ ಆ ಅಕ್ಕಿಯನ್ನು ಮಡಿಲಿನ ಬಟ್ಟೆಗೆ ಸುರಿದುಕೊಂಡು ಮತ್ತೆ ಮೊದಲಿನಿಂದ ಜೋಡಿಸತೊಡಗುತ್ತಾರೆ.