ಕಲ್ಲಿಗೆ ಹೆಸರಿಗಿಂತ ಮೊದಲು ಊರು ಬೇಕು

ಎಲ್ಲರಿಗೂ ನಮಸ್ಕಾರ.

ಪಳೆಯುಳಿಕೆ ಕೂಡಿಡುವವರು ಯಾವಾಗಲೂ ಮೊದಲು ಕೇಳುವುದು ‘ಇದು ಯಾವುದು?’ ಅಂತ. ನಾನು ಇವತ್ತು ಅದಕ್ಕೂ ಮುಂಚಿನ ಪ್ರಶ್ನೆಯ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ‘ಇದು ಎಲ್ಲಿಯದು?’ ಹೆಸರು ಇವತ್ತು ಗೊತ್ತಾಗದಿದ್ದರೆ ನಾಳೆ ಗೊತ್ತಾಗುತ್ತದೆ. ಕಲ್ಲು ಕೈಯಲ್ಲೇ ಇದೆ, ಮತ್ತೆ ನೋಡಬಹುದು, ತಿಳಿದವರಿಗೆ ತೋರಿಸಬಹುದು. ಆದರೆ ಅದು ಯಾವ ಬಂಡೆಯ ಯಾವ ಪದರದಿಂದ ಬಂತು ಅನ್ನುವುದು ಎತ್ತಿಕೊಂಡವರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ಮರೆತರೆ ಮುಗಿಯಿತು.

ಹೆಸರು ಹುಡುಕುವುದಕ್ಕೂ ಜಾಗ ಬೇಕೇ ಬೇಕು. ಟ್ರೈಲೋಬೈಟ್‌ಗಳನ್ನೇ ತೆಗೆದುಕೊಳ್ಳಿ. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, ಸುಮಾರು 25 ಕೋಟಿ ವರ್ಷಗಳ ಹಿಂದೆ ಪರ್ಮಿಯನ್ ಕಾಲ ಮುಗಿಯುವಾಗ ಪೂರ್ತಿ ಅಳಿದುಹೋದ, ಗಟ್ಟಿ ಕವಚದ ಸಮುದ್ರಪ್ರಾಣಿಗಳ ಗುಂಪು ಅದು. ಇಲ್ಲಿವರೆಗೆ 20,000ಕ್ಕೂ ಜಾಸ್ತಿ ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ಅಷ್ಟು ದೊಡ್ಡ ರಾಶಿಯಲ್ಲಿ ಸುಮ್ನೆ ಚಿತ್ರ ನೋಡುತ್ತಾ ಹೋದರೆ ನಿಮ್ಮ ಕಲ್ಲನ್ನು ಹೋಲುವಂಥವು ಬೇಕಾದಷ್ಟು ಸಿಗುತ್ತವೆ, ಯಾವುದೂ ಖಚಿತವಾಗುವುದಿಲ್ಲ. ಅದೇ ‘ಅಮೆರಿಕದ ಯೂಟಾ, ಹೌಸ್ ರೇಂಜ್ ಬೆಟ್ಟಸಾಲು, ವೀಲರ್ ಶೇಲ್’ ಅಂತ ಒಂದು ಚೀಟಿ ಜೊತೆಗಿದ್ದರೆ? ಕಾಲ ಮಧ್ಯ ಕೇಂಬ್ರಿಯನ್ ಅಂತ ಆಯಿತು, ಅಂದರೆ 50 ಕೋಟಿ ವರ್ಷಕ್ಕಿಂತ ಸ್ವಲ್ಪ ಹಳೆಯದು. ಆ ಶೇಲ್‌ನಲ್ಲಿ, ಅಂದರೆ ಕೆಸರು ಗಟ್ಟಿಯಾಗಿ ಪದರ ಪದರವಾದ ಕಲ್ಲಿನಲ್ಲಿ, ಮಾಮೂಲಾಗಿ ಸಿಗುವ ಟ್ರೈಲೋಬೈಟ್‌ಗಳನ್ನು ಬೆರಳಲ್ಲಿ ಎಣಿಸಬಹುದು. ಅರ್ಧ ಕೆಲಸ ಆಗಿಹೋಯಿತು ಅಲ್ವಾ?

ಅಲ್ಲಿಯದೇ ಒಂದನ್ನು ಹತ್ತಿರದಿಂದ ನೋಡೋಣ. ಬೂದು ಶೇಲ್ ಮೇಲೆ ಕಪ್ಪಗೆ ಕೂತಿದೆ, ಹೆಬ್ಬೆರಳ ಉಗುರಿನಗಲ. ದೀಪವನ್ನು ನೆತ್ತಿಯ ಮೇಲಿಂದ ಬಿಟ್ಟರೆ ಏನೂ ಕಾಣುವುದಿಲ್ಲ, ಪಕ್ಕದಿಂದ, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು. ಉದ್ದಕ್ಕೆ ಮೂರು ಭಾಗ ಕಾಣುತ್ತದೆ: ನಡುವೆ ಉಬ್ಬಿದ ದಿಂಡು, ಆಚೆ ಈಚೆ ಎರಡು ಪಕ್ಕೆ. ಅಡ್ಡಕ್ಕೆ ನೋಡಿದರೆ ತಲೆ, ಎದೆ, ಬಾಲದ ಫಲಕ. ಈಗ ಎದೆಯ ಖಂಡಗಳನ್ನು ಎಣಿಸಿ. ತಲೆಯ ಹಿಂಬದಿಗೆ ಸೇರಿಕೊಂಡ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬಾಲದ ಫಲಕದ ಮೇಲಿನ ಗೆರೆಗಳನ್ನೂ ಬೇಡ, ಅಲ್ಲಿ ಖಂಡಗಳು ಬೆಸೆದುಕೊಂಡಿರುತ್ತವೆ. ಬೆಳೆದ ಪ್ರಾಣಿಯಲ್ಲಿ 13 ಬಂತು, ಬಾಲದ ಫಲಕ ತಲೆಗಿಂತ ಚಿಕ್ಕದು, ತಲೆಯ ನಡುವಿನ ಉಬ್ಬು ಮುಂದಕ್ಕೆ ಹೋಗುತ್ತಾ ಕಿರಿದಾಗುತ್ತದೆ ಅಂದರೆ ಅದು ಎಲ್ರೇತಿಯಾ ಕಿಂಗೈ. ಖಂಡಗಳು ಅದಕ್ಕಿಂತ ಕಮ್ಮಿ, ಬಾಲದ ಫಲಕ ಹೆಚ್ಚುಕಮ್ಮಿ ತಲೆಯಷ್ಟೇ ದೊಡ್ಡದು ಅಂದರೆ ಅಸಾಫಿಸ್ಕಸ್ ಇರಬಹುದು. ಕಾಳಿನಷ್ಟು ಪುಟ್ಟದು, ಎದೆಯಲ್ಲಿ ಎರಡೇ ಖಂಡ, ತಲೆ ಬಾಲ ಎರಡೂ ಒಂದೇ ಥರ, ಕಣ್ಣೇ ಇಲ್ಲ ಅಂದರೆ ಅಗ್ನಾಸ್ಟಿಡ್ ಗುಂಪಿನದು. ಅವು ನಿಜವಾಗಿ ಟ್ರೈಲೋಬೈಟ್‌ಗಳೇ ಹೌದಾ ಅಂತ ತಜ್ಞರಲ್ಲಿ ಇನ್ನೂ ಚರ್ಚೆ ಇದೆ.

ಇನ್ನೊಂದು ಮಾತು. ಸಿಗುವುದರಲ್ಲಿ ಬಹಳಷ್ಟು ಸತ್ತ ಪ್ರಾಣಿಯಲ್ಲ, ಪೊರೆ ಬಿಟ್ಟ ಕವಚ. ಪೊರೆ ಬಿಡುವಾಗ ತುಂಬಾ ಜಾತಿಗಳಲ್ಲಿ ತಲೆಯ ಮೇಲಿನ ಹೊಲಿಗೆಯಂಥ ಗೆರೆ ಬಿಚ್ಚಿಕೊಂಡು ಎರಡು ಕೆನ್ನೆಗಳೂ ಕಳಚಿಕೊಳ್ಳುತ್ತಿದ್ದವು. ದೊಡ್ಡ ದೊಡ್ಡ ಬಿಡಿ ಲೆನ್ಸುಗಳ ಕಣ್ಣಿರುವ ಫಾಕಾಪ್ಸ್ ಗುಂಪಿನಲ್ಲಿ ಹಾಗಲ್ಲ, ತಲೆಯೇ ಇಡಿಯಾಗಿ ಬೇರೆಯಾಗುತ್ತಿತ್ತು. ಆದ್ದರಿಂದ ಲೇಬಲ್ ಮೇಲೆ ‘ಮುರಿದಿದೆ’ ಅಂತ ಬರೆಯುವ ಮುಂಚೆ ಯೋಚಿಸಿ. ‘ಕೆನ್ನೆಗಳಿಲ್ಲ’, ‘ತಲೆ ಮಾತ್ರ’ ಅಂತ ಕಂಡದ್ದನ್ನು ಬರೆದರೆ ಓದುವವರಿಗೆ ಜಾಸ್ತಿ ವಿಷಯ ಸಿಗುತ್ತದೆ.

ಕೊಂಡ ಟ್ರೈಲೋಬೈಟ್‌ಗಳಲ್ಲಿ, ಮುಖ್ಯವಾಗಿ ಮೊರಾಕೊದಿಂದ ಬರುವವುಗಳಲ್ಲಿ, ರಾಳದಿಂದ ತುಂಬಿಸಿದ ಅಥವಾ ಪೂರ್ತಿ ಅಚ್ಚು ಹಾಕಿದ ತುಂಡುಗಳೂ ಇರುತ್ತವೆ. ಲೆನ್ಸ್‌ನಲ್ಲಿ ಗಾಳಿಗುಳ್ಳೆಯ ತೂತು ಕಂಡರೆ ಅನುಮಾನ ಪಡಿ. ಅಲ್ಟ್ರಾವಯಲೆಟ್ ದೀಪದಲ್ಲಿ ರಿಪೇರಿಯಾದ ಭಾಗ ಎಷ್ಟೋ ಸಲ ಬೇರೆಯಾಗಿ ಹೊಳೆಯುತ್ತದೆ. ರಿಪೇರಿ ಇದ್ದರೆ ತುಂಡನ್ನು ಎಸೆಯಬೇಕಿಲ್ಲ, ಎಲ್ಲಿ ರಿಪೇರಿ ಅಂತ ಲೇಬಲ್‌ನಲ್ಲಿ ಹೇಳಿ.

ಈಗ ಗಿಡಗಳು. ನನಗೆ ಇವು ಟ್ರೈಲೋಬೈಟ್‌ಗಿಂತ ಒಂದು ಕೈ ಮೇಲು. ಯಾಕೆಂದರೆ ಇಲ್ಲಿ ಇಡೀ ಗಿಡ ಸಿಗುವುದೇ ಅಪರೂಪ. ಎಲೆ ಒಂದು ಕಡೆ, ತೊಗಟೆ ಒಂದು ಕಡೆ, ಬೇರು ಇನ್ನೆಲ್ಲೋ. ಹಾಗಾಗಿ ಒಂದೊಂದು ಭಾಗಕ್ಕೂ ಬೇರೆ ಬೇರೆ ಹೆಸರಿಟ್ಟುಕೊಂಡು ಬಂದಿದ್ದಾರೆ. ಪರ್ಮಿಯನ್‌ಗೆ ಹಿಂದಿನ ಕಾರ್ಬಾನಿಫೆರಸ್ ಕಾಲದ ಕಲ್ಲಿದ್ದಲು ಕಾಡಿನ ಒಂದು ದೊಡ್ಡ ಮರದ ತೊಗಟೆ ಲೆಪಿಡೋಡೆಂಡ್ರನ್, ಅಂಥ ಮರಗಳ ಬೇರು ಸ್ಟಿಗ್ಮೇರಿಯಾ, ಬೀಜಕಣ ಹೊರುವ ಶಂಕು ಲೆಪಿಡೋಸ್ಟ್ರೋಬಸ್. ತೊಗಟೆಯ ಹೊರಪದರ ಕಿತ್ತುಹೋಗಿ ಒಳಭಾಗ ಮಾತ್ರ ಉಳಿದರೆ ಅದಕ್ಕೆ ನಾರಿಯಾ ಅಂತ ಮತ್ತೊಂದು ಹೆಸರು! ಗೆಣ್ಣು ಗೆಣ್ಣಾದ ಕ್ಯಾಲಮೈಟಿಸ್ ಕಾಂಡದಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಕಾಂಡವೂ ಅಲ್ಲ, ಅದರ ಪೊಳ್ಳಿನೊಳಗೆ ತುಂಬಿ ಗಟ್ಟಿಯಾದ ಕೆಸರು. ಅದರ ಎಲೆಸುತ್ತುಗಳಿಗೆ ಆನ್ಯುಲೇರಿಯಾ ಅಥವಾ ಆಸ್ಟರೋಫಿಲೈಟಿಸ್ ಅನ್ನುತ್ತಾರೆ. ಆದ್ದರಿಂದ ಗಿಡದ ಲೇಬಲ್‌ನಲ್ಲಿ ಇದು ಯಾವ ಭಾಗ ಅನ್ನುವುದು ಇರಲೇಬೇಕು.

ಬರೀ ತೊಗಟೆಯನ್ನು ನೋಡಿ ಹೇಳಬೇಕಾದರೆ ಎಲೆ ಉದುರಿದ ಗುರುತುಗಳನ್ನು ನೋಡಿ. ವಜ್ರಾಕಾರದ ಗುರುತುಗಳು ಓರೆಯಾಗಿ ಸುತ್ತಿಕೊಂಡು ಹೋದರೆ ಲೆಪಿಡೋಡೆಂಡ್ರನ್, ನೆಟ್ಟಗೆ ಮೇಲಿಂದ ಕೆಳಕ್ಕೆ ಸಾಲು ಹಿಡಿದರೆ ಸಿಜಿಲೇರಿಯಾ. ಜರೀಗಿಡದಂಥ ಎಲೆಗಳಲ್ಲಿ ಕಣ್ಣು ಹೋಗಬೇಕಾದ್ದು ಕಿರುಎಲೆಯ ಬುಡಕ್ಕೆ. ಬುಡ ಕಿರಿದಾಗಿ ಒಂದೇ ಬಿಂದುವಿನಲ್ಲಿ ಅಂಟಿದ್ದರೆ ನ್ಯೂರಾಪ್ಟೆರಿಸ್ ಕಡೆಯದು. ಪೂರ್ತಿ ಅಗಲಕ್ಕೆ ಅಂಟಿ, ಕೆಳಗಡೆ ದಂಟಿನ ಮೇಲೆ ಸ್ವಲ್ಪ ಇಳಿದುಕೊಂಡಿದ್ದರೆ ಅಲೆತಾಪ್ಟೆರಿಸ್. ಪೂರ್ತಿ ಅಗಲಕ್ಕೆ ಅಂಟಿದ್ದು, ಎರಡೂ ಅಂಚು ಸಮಾನಾಂತರವಾಗಿ ಹೋಗಿ ತುದಿ ದುಂಡಗಿದ್ದರೆ ಪೆಕಾಪ್ಟೆರಿಸ್. ಪರ್ಮಿಯನ್ ಕಾಲದ ಗೊಂಡ್ವಾನಾ (ಭಾರತವೂ ಸೇರಿದ್ದ ದಕ್ಷಿಣದ ಹಳೆಯ ಮಹಾಖಂಡ) ಎಲೆಗಳಲ್ಲಿ ನಡುನರ ಸ್ಪಷ್ಟವಾಗಿದ್ದು, ಪಕ್ಕದ ನರಗಳು ಬಲೆ ಹೆಣೆದಿದ್ದರೆ ಗ್ಲಾಸಾಪ್ಟೆರಿಸ್. ಬಲೆ ಇದೆ, ಗಟ್ಟಿಯಾದ ನಡುನರ ಇಲ್ಲ ಅಂದರೆ ಗಂಗಮಾಪ್ಟೆರಿಸ್. ಎಲೆಯ ಅಂಚಿನ ತುಂಡು ಮಾತ್ರ ಇದ್ದರೆ ಇವೆರಡರಲ್ಲಿ ಯಾವುದು ಅಂತ ಹೇಳಲು ಹೋಗಬೇಡಿ.

ಕಲ್ಲಿನ ಮೇಲೆ ಕಪ್ಪಗೆ ಕವಲೊಡೆದು ಹಬ್ಬಿದ ಚಂದದ ಚಿತ್ರ ಕಂಡರೂ ನಿಧಾನಿಸಿ. ಮ್ಯಾಂಗನೀಸ್ ಆಕ್ಸೈಡ್ ಬಿರುಕಿನಲ್ಲಿ ಹಾಗೆ ಬೆಳೆಯುತ್ತದೆ. ಅದರಲ್ಲಿ ನರಗಳೂ ಇರುವುದಿಲ್ಲ, ಎಲೆಯ ಅಂಚೂ ಇರುವುದಿಲ್ಲ.

ಬಿಡಿ ಭಾಗಗಳು ಒಂದೇ ಗಿಡದವು ಅಂತ ಹೇಗೆ ಗೊತ್ತಾಗುತ್ತದೆ? 1903ರಲ್ಲಿ ಆಲಿವರ್ ಮತ್ತು ಸ್ಕಾಟ್ ಅನ್ನುವ ಬ್ರಿಟಿಷ್ ಸಸ್ಯವಿಜ್ಞಾನಿಗಳು ಒಂದು ಬೀಜದ ಹೊದಿಕೆಯ ಮೇಲೂ, ಜರೀಗಿಡ ಅಂದುಕೊಂಡಿದ್ದ ಗಿಡವೊಂದರ ಮೇಲೂ ಒಂದೇ ಥರದ ಗ್ರಂಥಿಗಳಿರುವುದನ್ನು ತೋರಿಸಿದರು. ಜರೀಗಿಡದಂಥ ಎಲೆಯಿದ್ದೂ ಬೀಜ ಬಿಡುವ ಗಿಡಗಳಿದ್ದವು ಅಂತ ಜಗತ್ತಿಗೆ ಗೊತ್ತಾಗಿದ್ದು ಹಾಗೆ. ನಮ್ಮ ದೇಶದ ಗಿಡಪಳೆಯುಳಿಕೆ ತಜ್ಞ ಬೀರಬಲ್ ಸಾಹ್ನಿ 1932ರಲ್ಲಿ ರಾಜಮಹಲ್ ಬೆಟ್ಟಗಳ ಪಳೆಯುಳಿಕೆಗಳಿಂದ ವಿಲಿಯಮ್ಸೋನಿಯಾ ಹೂವು, ಟೈಲೋಫಿಲಂ ಎಲೆ, ಬಕ್ಲ್ಯಾಂಡಿಯಾ ಕಾಂಡವನ್ನು ಒಂದೇ ಗಿಡವಾಗಿ ಜೋಡಿಸಿದರು. ನಿಮ್ಮ ಚಪ್ಪಡಿಯಲ್ಲಿ ಎಲೆಯ ಪಕ್ಕ ಒಂದು ಬೀಜ ಬಿದ್ದಿದ್ದರೆ, ದಯವಿಟ್ಟು ಅದನ್ನು ಕತ್ತರಿಸಿ ಎರಡು ಚಂದದ ತುಂಡು ಮಾಡಬೇಡಿ. ‘ಒಂದೇ ಚಪ್ಪಡಿಯಲ್ಲಿ ಎಲೆ ಮತ್ತು ಬೀಜ’ ಅಂತ ಬರೆಯಿರಿ. ಕಲ್ಲು ಸೀಳಿದಾಗ ಎರಡು ಹೋಳಾದರೆ ಎರಡನ್ನೂ ಇಟ್ಟುಕೊಳ್ಳಿ, ಒಂದೇ ಸಂಖ್ಯೆ ಕೊಟ್ಟು ಎ, ಬಿ ಅಂತ ಸೇರಿಸಿ.

ಸರಿ, ಲೇಬಲ್ ಹೇಗಿರಬೇಕು? ಹೀಗೆ: ‘47. ಎಲ್ರೇತಿಯಾ ಕಿಂಗೈ (ಮೀಕ್, 1870). ಇಡೀ ಕವಚ. ವೀಲರ್ ಶೇಲ್, ಮಧ್ಯ ಕೇಂಬ್ರಿಯನ್. ಹೌಸ್ ರೇಂಜ್, ಯೂಟಾ, ಅಮೆರಿಕ. ಕೊಂಡದ್ದು, ಜಾಗ ಮಾರಿದವರು ಹೇಳಿದ್ದು.’ ಅದರ ಕೆಳಗೆ ಹೆಸರು ಗುರುತಿಸಿದವರು ಯಾರು, ಯಾವತ್ತು. ಮೀಕ್ ಆವರಣದೊಳಗೆ ಇರುವುದು ಅವರು ಹೆಸರಿಟ್ಟಾಗ ಅದು ಬೇರೆ ಜಾತಿಯಲ್ಲಿತ್ತು, ಅಂದರೆ ಹೆಸರಿನ ಮೊದಲ ಪದ ಬೇರೆಯಿತ್ತು ಅನ್ನುವುದಕ್ಕೆ. ಕೊನೆಯ ಮಾತನ್ನು ಗಮನಿಸಿ. ನೀವೇ ಬಂಡೆಯಿಂದ ತೆಗೆದದ್ದು ಬೇರೆ, ಯಾರೋ ಹೇಳಿದ್ದು ಬೇರೆ, ಎರಡನ್ನೂ ಒಂದೇ ಧೈರ್ಯದಿಂದ ಬರೆಯುವುದು ಸರಿಯಲ್ಲ. ನೀವೇ ತೆಗೆದದ್ದಾದರೆ (ಅನುಮತಿಯಿರುವ ಜಾಗದಿಂದಲೇ ತೆಗೆಯಬೇಕು ಅಂತ ನಾನು ಬೇರೆ ಹೇಳಬೇಕಿಲ್ಲ), ತಾರೀಕು, ಅಕ್ಷಾಂಶ-ರೇಖಾಂಶ, ಪದರದ ಗುರುತು ಮೂರನ್ನೂ ಅಲ್ಲೇ ನಿಂತು ಬರೆದುಕೊಳ್ಳಿ.

ಹೆಸರು ಗಟ್ಟಿಯಾಗದಿದ್ದರೆ ಅದನ್ನೂ ಹೇಳುವ ದಾರಿಯಿದೆ. ಜಾತಿ ಗೊತ್ತು, ಪ್ರಭೇದ ಗೊತ್ತಿಲ್ಲ ಅಂದರೆ ‘ಎಸ್‌ಪಿ.’, ಬಹುಶಃ ಇದೇ ಇರಬೇಕು ಅನ್ನಿಸಿದರೆ ‘ಸಿಎಫ್.’ ಹಾಕಿ. ‘ನ್ಯೂರಾಪ್ಟೆರಿಸ್ ಎಸ್‌ಪಿ.’ ಅನ್ನುವ ಲೇಬಲ್ ನನಗೆ ಊಹೆಯ ಪೂರ್ತಿ ಹೆಸರಿಗಿಂತ ನಂಬಿಕೆ ಹುಟ್ಟಿಸುತ್ತದೆ.

ಹೆಸರುಗಳು ಬದಲಾಗುತ್ತಲೂ ಇರುತ್ತವೆ. ಹಳೆಯ ಸಂಗ್ರಹಗಳಲ್ಲಿ ಫಾಕಾಪ್ಸ್ ರಾನಾ ಅಂತ ಇರುವುದು ಈಗ ಎಲ್‌ಡ್ರೆಡ್ಜಾಪ್ಸ್ ರಾನಾ. ಆಗ ಹಳೆ ಚೀಟಿಯನ್ನು ತಿದ್ದಬೇಡಿ, ಬಿಸಾಡಲಂತೂ ಬೇಡಿ. ತಾರೀಕು ಹಾಕಿದ ಹೊಸ ಚೀಟಿಯನ್ನು ಜೊತೆಗಿಡಿ. ಹರಿದ, ಮಾಸಿದ ಚೀಟಿಯ ಕೈಬರಹದಿಂದಲೂ ಕಲ್ಲು ಯಾರ ಸಂಗ್ರಹದಿಂದ ಬಂತು ಅಂತ ಪತ್ತೆಯಾಗಬಹುದು.

ಚೀಟಿ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಕಲ್ಲಿನಿಂದ ಬೇರೆಯಾಗುತ್ತದೆ. ಅದಕ್ಕೇ ಕಲ್ಲಿನ ಮೇಲೂ ಸಂಖ್ಯೆ ಬೇಕು. ಪಳೆಯುಳಿಕೆಯ ಮೇಲಲ್ಲ, ಸುತ್ತಲಿನ ಕಲ್ಲಿನ ಮೇಲೆ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಮ್ಯೂಸಿಯಂಗಳಲ್ಲಿ ಪ್ಯಾರಾಲಾಯ್ಡ್ ಬಿ-72 ಅನ್ನುವ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ ಸಣ್ಣ ಪಟ್ಟಿ ಬಳಿಯುತ್ತಾರೆ, ಒಣಗಿದ ಮೇಲೆ ಇಂಡಿಯನ್ ಇಂಕ್‌ನಲ್ಲಿ ಸಂಖ್ಯೆ ಬರೆದು, ಮೇಲೆ ಮತ್ತೊಂದು ಲೇಪ ಕೊಡುತ್ತಾರೆ. ಬೇಡವೆಂದಾಗ ಅಸಿಟೋನ್‌ನಿಂದಲೇ ತೆಗೆಯಬಹುದು. ಬಿಳಿ ಕರೆಕ್ಷನ್ ದ್ರವ, ಅಂಟುಟೇಪು ಬೇಡ, ಕಾಲ ಕಳೆದಂತೆ ಉದುರುತ್ತವೆ. ಚೀಟಿಗೆ ಆಮ್ಲರಹಿತ ಕಾಗದ, ಪೆನ್ಸಿಲ್ ಅಥವಾ ಪಿಗ್ಮೆಂಟ್ ಇಂಕ್. ಬಾಲ್ ಪೆನ್ ಮಾಸುತ್ತದೆ.

ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ, ಇರುವ ಕಲ್ಲಿನ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಗಾಳಿಯ ತೇವ ಕುಡಿದು ಅದರಿಂದ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ಕಲ್ಲಿನ ಮೇಲೆ ಬಿಳಿ-ಹಳದಿ ಪುಡಿ ಕಾಣಿಸಿತು, ಕೆಳಗಿಟ್ಟ ಚೀಟಿ ಸುಟ್ಟಂತೆ ಕಂದಾಗಿ ಮುಟ್ಟಿದರೆ ಪುಡಿಯಾಯಿತು ಅಂದರೆ ಅದೇ ರೋಗ. ಅಂಥವನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಿ, ಚೀಟಿಯನ್ನು ಬೇರೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ. ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲೂ ಕಂಪ್ಯೂಟರ್‌ನಲ್ಲೂ ಬರೆದಿಟ್ಟರೆ ಚೀಟಿ ಹೋದರೂ ಮಾಹಿತಿ ಉಳಿಯುತ್ತದೆ.

ಊರೇ ಗೊತ್ತಿಲ್ಲದ ಕಲ್ಲುಗಳು ಎಲ್ಲರ ಹತ್ತಿರವೂ ಇರುತ್ತವೆ. ಅವಕ್ಕೂ ಸಂಖ್ಯೆ ಕೊಟ್ಟು ‘ಜಾಗ ತಿಳಿದಿಲ್ಲ’ ಅಂತ ಬರೆಯಿರಿ. ಊಹಿಸಿ ತುಂಬಿಸಬೇಡಿ. ಗಿಡದ ಪಳೆಯುಳಿಕೆಯಾದರೆ ಸುತ್ತಲಿನ ಶೇಲ್‌ನ ಚೂರುಗಳನ್ನು ಒಂದು ಕವರ್‌ನಲ್ಲಿ ಉಳಿಸಿ. ಅದರೊಳಗಿನ ಬೀಜಕಣ, ಪರಾಗಗಳಿಂದ ಕಾಲವನ್ನಾದರೂ ಕಂಡುಹಿಡಿಯಲು ಸಾಧ್ಯವಾಗಬಹುದು.

ಈಗ ನೀವು ತಂದಿರುವ ಕಲ್ಲುಗಳನ್ನು ಈ ಮೇಜಿನ ಮೇಲಿಡಿ, ಒಂದೊಂದಾಗಿ ನೋಡೋಣ. ಹಳೆ ಚೀಟಿ ಇದ್ದರೆ ಅದನ್ನೂ ಜೊತೆಗೇ ಇಡಿ.